ಸ್ಕಿನ್ನರ್–ರೋಸ್ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ಅರವತ್ತರ ದಶಕದ ಬ್ರಿಟಿಷ್ ಪಾಪ್ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಇಷ್ಟವಾಯಿತು. ಆದರೆ ಅದು ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ದಾಟಿ ಮುಂದೆ ಹೋಗಲೇ ಇಲ್ಲ. ಅದೇ ಹೊತ್ತಿಗೆ ಡೇವ್ ಸ್ಕಿನ್ನರ್, ಆಂಡ್ರ್ಯೂ ರೋಸ್ ಅಂತ ಇನ್ನಿಬ್ಬರು ಹುಡುಗರೂ ಜೊತೆಯಾಗಿ ಹಾಡು ಕಟ್ಟಿ ಹಾಡುತ್ತಿದ್ದರು. ಜೋಡಿಯ ಹೆಸರು 'ಟ್ವೈಸ್ ಆ್ಯಸ್ ಮಚ್'.

ಸ್ಟೋನ್ಸ್ ಮ್ಯಾನೇಜರ್ ಆಂಡ್ರ್ಯೂ ಲೂಗ್ ಓಲ್ಡಮ್ 1965ರಲ್ಲಿ ಟೋನಿ ಕಾಲ್ಡರ್ ಜೊತೆ ಸೇರಿ 'ಇಮ್ಮಿಡಿಯೆಟ್' ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದ್ದರು. ಸ್ಕಿನ್ನರ್, ರೋಸ್ ಇಬ್ಬರೂ ಅಲ್ಲಿಗೇ ಸೇರಿದರು. 1966ರಲ್ಲಿ ಬಂದ ಅವರ 'ಸಿಟಿನ್ ಆನ್ ಎ ಫೆನ್ಸ್' ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 25ನೇ ಸ್ಥಾನದವರೆಗೂ ಹೋಯಿತು. ಬೇಜಾರಿನ ವಿಷಯ ಏನು ಗೊತ್ತಾ, ಸ್ವಂತ ಹಾಡು ಬರೆಯುವ ಈ ಜೋಡಿಗೆ ಹೆಸರು ತಂದ ಆ ಹಾಡು ಅವರದ್ದಲ್ಲ, ಸ್ಟೋನ್ಸ್ ತಂಡದ ಜಾಗರ್–ರಿಚರ್ಡ್ಸ್ ಬರೆದದ್ದು. ಅವರೇ ಬರೆದ 'ಸ್ಟೆಪ್ ಔಟ್ ಆಫ್ ಲೈನ್' ಅಷ್ಟು ಓಡಲಿಲ್ಲ.

ಸ್ಟೋನ್ಸ್ ಹಾಡಿದ 'ಸಿಟಿನ್ ಆನ್ ಎ ಫೆನ್ಸ್' ಅಮೆರಿಕದಲ್ಲಿ ಹೊರಬಂದದ್ದು ಮರುವರ್ಷ, 'ಫ್ಲವರ್ಸ್' ಆಲ್ಬಮ್‌ನಲ್ಲಿ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಜಾಗರ್ ದನಿಯಲ್ಲಿ ಮದುವೆ ಸಂಸಾರದ ಬಗ್ಗೆ ಒಂಥರಾ ಉಡಾಫೆ ಇದೆ. ಸ್ಕಿನ್ನರ್–ರೋಸ್ ಇಬ್ಬರ ದನಿ ಒಂದರ ಮೇಲೊಂದು ಕೂತು ಸಾಗುವಾಗ ಅದೇ ಸಾಲುಗಳು ಮೆತ್ತಗಾಗುತ್ತವೆ, ಹಾಡುವವನಿಗೆ ಏನು ಮಾಡಬೇಕೋ ನಿಜವಾಗಿಯೂ ತಿಳಿಯುತ್ತಿಲ್ಲ ಅನ್ನಿಸುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

ಇವರ ಬರವಣಿಗೆಯ ಶಕ್ತಿ ಗೊತ್ತಾಗಬೇಕಾದರೆ ಗಾಯಕಿ ಪಿ.ಪಿ. ಅರ್ನಾಲ್ಡ್ ಅವರ 1968ರ 'ದಿ ಫಸ್ಟ್ ಲೇಡಿ ಆಫ್ ಇಮ್ಮಿಡಿಯೆಟ್' ಆಲ್ಬಮ್ ಹುಡುಕಿ, ಅದರಲ್ಲಿ 'ಲೈಫ್ ಈಸ್ ಬಟ್ ನಥಿಂಗ್' ಕೇಳಿ. ಇವರಿಬ್ಬರೂ ಬರೆದ ಹಾಡು. ಅಂಥ ದೊಡ್ಡ ದನಿಯ ಗಾಯಕಿಗೂ ತುಂಬಿಕೊಳ್ಳಲು ಸಾಕಷ್ಟು ಜಾಗ ಇರುವ ರಾಗ ಅದು. ಅಷ್ಟೊತ್ತಿಗೆ ಜೋಡಿಯ ಕಾಲವೂ ಮುಗಿಯುತ್ತಾ ಬಂದಿತ್ತು. 1970ರಲ್ಲಿ ಕಂಪನಿಯೂ ಮುಚ್ಚಿತು. ಸ್ಕಿನ್ನರ್ ಮುಂದೆ ರಾಕ್ಸಿ ಮ್ಯೂಸಿಕ್ ತಂಡಕ್ಕೆ ಕೀಬೋರ್ಡ್ ನುಡಿಸಿದರು.

ಹಾಗಾಗಿ ಒಂದು ಕೋರಿಕೆ. ಪುರವಣಿಯಲ್ಲಿ ಹಳೆಯ ಹಾಡುಗಳ ಬಗ್ಗೆ ಬರೆಯುವಾಗ ಹಾಡಿದವರ ಜೊತೆ ಬರೆದವರ ಹೆಸರನ್ನೂ ಹಾಕಿ. ಎರಡು ಮೂರು ವರ್ಷ ಮಾತ್ರ ಜೊತೆಗಿದ್ದ ಇಂಥ ಜೋಡಿಗಳಿಗೂ ಆಗಾಗ ಅರ್ಧ ಪುಟ ಕೊಡಿ. ಓದುವವರು ಖಂಡಿತ ಇದ್ದೇವೆ.

– ಒಬ್ಬ ಓದುಗ, ಮೈಸೂರು