ಒಂಬತ್ತು ಗಂಟೆ ಗೇಟಿನ ಬೋರ್ಡು ಮೈಸೂರಲ್ಲೇ ಹಾಕ್ಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಮೈಸೂರಲ್ಲಿ ಹಳದಿ ಬೋರ್ಡ್ ಗಾಡಿ ಓಡಿಸ್ತೀನಿ, ಹತ್ತೊಂಬತ್ತು ವರ್ಷ ಆಯ್ತು, ಅದರಲ್ಲಿ ಜಾಸ್ತಿ ಓಡಾಡಿರೋದು ಊಟಿ ರೋಡಲ್ಲೇ. ಮೈಸೂರು ಬಿಟ್ಟು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಆಮೇಲೆ ಮಸಿನಗುಡಿ ಮೇಲಿಂದ ಊಟಿ, ಹೆಚ್ಚು ಕಮ್ಮಿ 125 ಕಿಲೋಮೀಟರ್, ಅರ್ಧ ದಿನದ ದಾರಿ. ಬೇಸಿಗೆ ರಜ ಬಂತು ಅಂದ್ರೆ ನಮ್ಮ ಮೈಸೂರು ಮಂಡ್ಯ ಕಡೆಯಿಂದ ಸ್ವಂತ ಕಾರಲ್ಲೂ ಬಾಡಿಗೆ ಗಾಡಿಲೂ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ವಾಪಸ್ ಬರೋಣ ಅಂತ ಹೊರಡೋರಿಗೆ ಲೆಕ್ಕನೇ ಇಲ್ಲ. ಅವರೆಲ್ಲ ಹೋಗೋ ಲೆಕ್ಕ ಚೆನ್ನಾಗಿ ಹಾಕಿರ್ತಾರೆ, ಬರೋ ಲೆಕ್ಕ ಹಾಕಿರಲ್ಲ. ಅದಕ್ಕೇ ಈ ಪತ್ರ.

ಬಂಡೀಪುರದ ಕಾಡಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡಲ್ಲ ಅನ್ನೋದು 2009ರಿಂದ ಇರೋ ರೂಲು. ಊಟಿ ರೋಡಿಗೂ ಅದೇ, ಕೇರಳದ ಸುಲ್ತಾನ್ ಬತ್ತೇರಿ ರೋಡಿಗೂ ಅದೇ. ಗೊತ್ತಿರೋ ವಿಷ್ಯನೇ ಅಂತ ನೀವು ಅನ್ಬೋದು. ಗೇಟ್ ಹಾಕ್ತಾರೆ ಅಂತ ಎಲ್ಲರ ಕಿವಿಗೂ ಬಿದ್ದಿರುತ್ತೆ ಸರ್, ಆದ್ರೆ ಆ ಒಂಬತ್ತು ಗಂಟೆಗೂ ಊಟಿಲಿ ನಾವು ಎಷ್ಟೊತ್ತಿಗೆ ಗಾಡಿ ಹತ್ಬೇಕು ಅನ್ನೋದಕ್ಕೂ ಸಂಬಂಧ ಏನು ಅಂತ ಕೂತು ಲೆಕ್ಕ ಹಾಕೋರು ಕಮ್ಮಿ.

ಹೋದ ಸೀಸನ್ನಲ್ಲಿ ಮಂಡ್ಯ ಹತ್ರದ ಒಂದು ಮನೆಯವರನ್ನ ಕರ್ಕೊಂಡು ಹೋಗಿದ್ದೆ. ಗಂಡ ಹೆಂಡ್ತಿ, ಇಬ್ಬರು ಮಕ್ಕಳು, ಮನೆ ಯಜಮಾನರ ತಾಯಿ. ಅಜ್ಜಿಗೆ ಸಕ್ಕರೆ ಕಾಯಿಲೆ, ಎರಡು ಹೊತ್ತೂ ಇನ್ಸುಲಿನ್ ತಗೋತಾರೆ. ರಾತ್ರಿ ಹತ್ತೂವರೆಗೆಲ್ಲ ಮನೆಲಿರ್ತೀವಲ್ಲ ಅಂತ ರಾತ್ರಿದು ಫ್ರಿಡ್ಜಲ್ಲೇ ಬಿಟ್ಟು ಬಂದಿದ್ರು. ಸಂಜೆ ಐದೂವರೆಗೆ ನಾನು ಹೇಳ್ದೆ, ಸಾರ್ ಹೊರಡೋಣ, ಗೇಟ್ ಇದೆ ಅಂತ. ಅವರು ಮೊಬೈಲ್ ತೋರಿಸಿ, ಇಲ್ ನೋಡಿ ಅಣ್ಣ, ಮೂರೂವರೆ ಗಂಟೆ ತೋರಿಸ್ತಿದೆ, ಕಾಡು ಅಷ್ಟೊತ್ತಿಗೆ ದಾಟಿರ್ತೀವಿ ಬಿಡಿ ಅಂದ್ರು. ಚಾಕೊಲೇಟ್ ಅಂಗಡಿ, ನೀಲಗಿರಿ ಎಣ್ಣೆ ಅಂಗಡಿ, ಸ್ವೆಟರ್ ಅಂಗಡಿ ಎಲ್ಲ ಮುಗಿಸ್ಕೊಂಡು ಊಟಿ ಬಿಟ್ಟಾಗ ಏಳು ಕಾಲು. ಅವರು ಮೊಬೈಲಲ್ಲಿ ನೋಡಿದ್ದು ಬೆಳಿಗ್ಗೆ ಮಸಿನಗುಡಿಯಿಂದ ಹತ್ತಿದ್ವಲ್ಲ ಆ ಕಲ್ಹಟ್ಟಿ ಘಾಟಿ ದಾರಿ ಲೆಕ್ಕ, ಆ ದಾರಿಲಿ ಹೊರಗಿನ ಗಾಡಿಗಳನ್ನ ಹತ್ತೋಕೆ ಬಿಡ್ತಾರೆ, ಇಳಿಯೋಕೆ ಬಿಡಲ್ಲ. ಇಳೀಬೇಕು ಅಂದ್ರೆ ಪೈಕಾರ, ನಡುವಟ್ಟಂ, ಗೂಡಲೂರು ಸುತ್ಕೊಂಡೇ ಬರ್ಬೇಕು, 30-35 ಕಿಲೋಮೀಟರ್ ಜಾಸ್ತಿ. ಅದೂ ಹೇಳ್ದೆ. ನಡುವಟ್ಟಂ ಹತ್ರ ಮಂಜು ಎಷ್ಟು ಇಳಿದಿತ್ತು ಅಂದ್ರೆ ಮುಂದಿನ ಗಾಡಿಯ ಕೆಂಪು ಲೈಟ್ ಬಿಟ್ಟು ಬೇರೆ ಏನೂ ಕಾಣ್ತಿರಲಿಲ್ಲ, ಸೆಕೆಂಡ್ ಗೇರಲ್ಲೇ ಬಂದ್ವಿ. ಗೂಡಲೂರು ದಾಟಿ, ಬಂಡೀಪುರಕ್ಕೆ ಸೇರ್ಕೊಂಡಿರೋ ಮುದುಮಲೈ ಕಾಡಿನ ಬಾಯಲ್ಲಿರೋ ತೊರಪಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ 9 ಗಂಟೆ 20 ನಿಮಿಷ. ಗೇಟ್ ಹಾಕಿತ್ತು.

ಯಜಮಾನರು ಗಾರ್ಡ್ ಹತ್ರ ಬೇಡ್ಕೊಂಡ್ರು, ಆಮೇಲೆ ಜಗಳ ಆಡಿದ್ರು. ಆ ಮನುಷ್ಯ ಒಂದು ಮಾತೂ ಏರಿಸದೆ, ಆಂಬುಲೆನ್ಸ್ ಆದ್ರೆ ಬಿಡ್ತೀನಿ, ಕಾರು ಬಿಡೋಕಾಗಲ್ಲ ಅಂದ. ಅವನದೇನೂ ತಪ್ಪಿಲ್ಲ. ವಾಪಸ್ ಗೂಡಲೂರಿಗೆ ತಿರುಗಿಸ್ಕೊಂಡು ಬಂದು, ಬಾಗಿಲು ಎಳೀತಿದ್ದ ಒಂದು ಮೆಡಿಕಲ್ ಸ್ಟೋರ್‌ನೋರನ್ನ ನಿಲ್ಲಿಸ್ಕೊಂಡು, ಮಂಡ್ಯದಲ್ಲಿ ಪಕ್ಕದ ಮನೆಯವರಿಗೆ ಫೋನ್ ಮಾಡಿ, ಅವರ ಹತ್ರ ಇದ್ದ ಕೀಲಿ ಕೈಯಲ್ಲಿ ಬಾಗ್ಲು ತೆಗೆಸಿ, ಫ್ರಿಡ್ಜಲ್ಲಿದ್ದ ಬಾಟ್ಲಿಯ ಫೋಟೊ ವಾಟ್ಸಾಪಲ್ಲಿ ಹಾಕಿಸ್ಕೊಂಡು, ಅದನ್ನ ತೋರಿಸಿ ಇನ್ಸುಲಿನ್ ತಗೊಂಡಾಗ ಹತ್ತು ದಾಟಿತ್ತು. ಲಾಡ್ಜ್‌ಗಳೆಲ್ಲ ಫುಲ್ಲು. ಅಜ್ಜಿನ ಮುಂದಿನ ಸೀಟಲ್ಲಿ ಒರಗಿಸಿ ನನ್ನ ಬೆಡ್‌ಶೀಟ್ ಹೊದಿಸ್ದೆ, ಕಾಲು ಬಾತ್ಕೊಂಡು ಚಪ್ಪಲಿ ಹಿಡಿಸ್ತಿರಲಿಲ್ಲ, ಬೆಳಿಗ್ಗೆ ಕಟ್ಕೊಂಡು ಬಂದಿದ್ದ ಚಿತ್ರಾನ್ನದ ಖಾಲಿ ಸ್ಟೀಲ್ ಡಬ್ಬಿನ ತೊಡೆ ಮೇಲೆ ಇಟ್ಕೊಂಡು ಅರ್ಧ ಗಂಟೆಗೊಂದ್ಸಲ "ಬಾಗ್ಲ ಯಾವಾಗ ತಗೀತರಪ್ಪ?" ಅಂತ ಕೇಳೋರು. ಆ ಪ್ರಶ್ನೆ ನನಗೆ ಇವತ್ತಿಗೂ ಕಿವಿಲಿದೆ.

ನಾನು ಡ್ರೈವರ್ ಹೇಳಿದ್ರೆ, ಇವನಿಗೆ ಬೇಗ ಮನೆ ಸೇರೋ ಅವಸರ ಅಂತ ಜನ ತಿಳ್ಕೋತಾರೆ. ಅದೇ ಮಾತು ಬೆಳಿಗ್ಗೆ ಮೈಸೂರು ಬಿಡೋವಾಗ ಒಂದು ದೊಡ್ಡ ಬೋರ್ಡಲ್ಲಿ ಓದಿದ್ರೆ ನಂಬ್ತಾರೆ, ಮನೆಲಿ ಬಿಟ್ಟಿರೋ ಔಷಧಿ ನೆನಪಾದ್ರೆ ವಾಪಸ್ ಹೋಗಿ ತರೋಕೂ ಆಗುತ್ತೆ. ಗೇಟಿನ ಟೈಮಿನ ಬೋರ್ಡು ಕಾಡಿನ ಬಾಯಲ್ಲಿ ಇದೆ ಸರ್. ಗೇಟಿನ ಮುಂದೆ ನಿಂತು ಗೇಟಿನ ಟೈಮ್ ಓದಿ ಏನು ಪ್ರಯೋಜನ?

ಊಟಿಗೆ ಒಂದೇ ದಿನದಲ್ಲಿ ಹೋಗಿ ಬರೋರು ಲೆಕ್ಕನ ರಾತ್ರಿಯಿಂದ ಬೆಳಿಗ್ಗೆಗೆ ಹಿಂದಕ್ಕೆ ಹಾಕ್ಬೇಕು, ನಾವು ಹಳೇ ಡ್ರೈವರ್‌ಗಳು ಹಾಕೋದೇ ಹಂಗೆ. ಒಂಬತ್ತಕ್ಕೆ ಗೇಟು ಅಂದ್ರೆ ತೊರಪಳ್ಳಿಗೆ ಎಂಟೂವರೆಗೆ ಇರ್ಬೇಕು, ಯಾಕಂದ್ರೆ ಭಾನುವಾರ ಸಂಜೆ ಗೂಡಲೂರು ಪೇಟೆ ದಾಟೋದೇ ಒಂದು ಕೆಲ್ಸ. ಊಟಿಯಿಂದ ಗೂಡಲೂರು 50 ಕಿಲೋಮೀಟರ್, ಬರೀ ಘಾಟಿ, ಮಂಜಿದ್ರೆ ಎರಡು ಗಂಟೆ, ಮಧ್ಯ ಒಂದು ಟೀ. ಅಂದ್ರೆ ಆರು ಗಂಟೆಗೆ ಗಾಡಿ ಊಟಿ ಬಿಟ್ಟಿರ್ಬೇಕು, ಅಂದ್ರೆ ಐದೂವರೆಗೆ ಎಲ್ಲರೂ ಗಾಡಿ ಹತ್ತಿರ್ಬೇಕು, ಪಾರ್ಕಿಂಗಿಂದ ಆಚೆ ಬರೋಕೇ ಅರ್ಧ ಗಂಟೆ ತಿನ್ನುತ್ತೆ. ಹಂಗೆ ನೋಡಿದ್ರೆ ಊಟಿಲಿ ನಿಮಗೆ ಸಿಗೋದು ಒಟ್ಟು ಎಂಟು ಗಂಟೆ ಹೊತ್ತು, ಅದರಲ್ಲಿ ಬೊಟಾನಿಕಲ್ ಗಾರ್ಡನ್, ದೊಡ್ಡಬೆಟ್ಟ ಎರಡು ಸಮಾಧಾನವಾಗಿ ಆಗುತ್ತೆ, ಲೇಕು ಬೋಟಿಂಗು ರೋಸ್ ಗಾರ್ಡನ್ನು ಎಲ್ಲಾ ಸೇರಿಸಿದ್ರೆ ಯಾವುದನ್ನೂ ನೆಟ್ಟಗೆ ನೋಡಲ್ಲ. ಆ ಎಂಟು ಗಂಟೆನಾದ್ರೂ ಸಿಗ್ಬೇಕು ಅಂದ್ರೆ ಮೈಸೂರು ಬೆಳಿಗ್ಗೆ ಐದಕ್ಕೆ ಬಿಡ್ಬೇಕು. ಗುಂಡ್ಲುಪೇಟೆ 60 ಕಿಲೋಮೀಟರ್, ಆರು ಕಾಲಕ್ಕೆ ಅಲ್ಲಿ, ಎರಡು ಇಡ್ಲಿ ತಿಂದು ಹೊರಟ್ರೆ ಗೇಟೂ ತೆಗೆದಿರುತ್ತೆ, ಕಾಡೂ ತಣ್ಣಗಿರುತ್ತೆ, ಒಂಬತ್ತೂವರೆಗೆ ಊಟಿ. ಏಳಕ್ಕೋ ಎಂಟಕ್ಕೋ ಮನೆ ಬಿಡೋರು ದಯವಿಟ್ಟು ಊಟಿಲಿ ಒಂದು ರಾತ್ರಿ ಉಳ್ಕೊಳ್ಳೋ ಹಾಗೆ ಹೊರಡಿ, ಇಲ್ಲಾಂದ್ರೆ ಬಂಡೀಪುರದಲ್ಲಿ ಸಫಾರಿ ನಡೀತಿದ್ರೆ ಅದನ್ನ ಮಾಡ್ಕೊಂಡು ಗೋಪಾಲಸ್ವಾಮಿ ಬೆಟ್ಟ ನೋಡ್ಕೊಂಡು ವಾಪಸ್ ಬನ್ನಿ, ಅದೂ ಏನು ಕಮ್ಮಿ ಅಲ್ಲ. ಬೆಟ್ಟದ ಮೇಲಕ್ಕೆ ನಮ್ಮ ಗಾಡಿ ಬಿಡಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಲ್ಲಿ ಹೋಗ್ಬೇಕು.

ಹುಣ್ಣಿಮೆ, ಅಮಾವಾಸ್ಯೆ, ಸೋಮವಾರ ಇದ್ರೆ ನಂಜನಗೂಡಲ್ಲಿ ನಂಜುಂಡೇಶ್ವರನ ದರ್ಶನಕ್ಕೆ ಬರೋ ಗಾಡಿಗಳ ರಶ್ಶೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಪೆಟ್ರೋಲು, ಬಾತ್‌ರೂಮು ಎರಡೂ ಗುಂಡ್ಲುಪೇಟೆಲೇ ಮುಗಿಸಿ, ಕಾಡೊಳಗೆ ಎರಡೂ ಇಲ್ಲ.

ಇ-ಪಾಸ್ ವಿಷ್ಯ ಒಂದಿದೆ. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ನೀಲಗಿರಿ ಜಿಲ್ಲೆಗೆ ಹೋಗೋ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. 2025ರ ಸೀಸನ್ನಲ್ಲಂತೂ ದಿನಕ್ಕೆ 6,000 ಗಾಡಿ, ಶನಿವಾರ ಭಾನುವಾರ 8,000 ಅಂತ ಮಿತಿನೂ ಹಾಕಿದ್ರು. ಜನ ಏನು ಮಾಡ್ತಾರೆ ಅಂದ್ರೆ ತಮಿಳುನಾಡು ಗಡಿಲಿರೋ ಕೆಕ್ಕನಹಳ್ಳದ ಚೆಕ್‌ಪೋಸ್ಟ್ ಹತ್ರ ಬಂದು ಮೊಬೈಲ್ ತೆಗೀತಾರೆ, ಕಾಡಲ್ಲಿ ನೆಟ್‌ವರ್ಕ್ ಸಿಗಲ್ಲ, ಓಟಿಪಿ ಬರಲ್ಲ, ಹಿಂದೆ ಲೈನು ಬೆಳೀತಾ ಹೋಗುತ್ತೆ. ಹಿಂದಿನ ರಾತ್ರಿ ಮನೆಲೇ ಮಾಡ್ಕೊಂಡು ಸ್ಕ್ರೀನ್‌ಶಾಟ್ ಇಟ್ಕೊಂಡ್ರೆ ಎರಡು ನಿಮಿಷದ ಕೆಲ್ಸ. ಪ್ಲಾಸ್ಟಿಕ್ ನೀರಿನ ಬಾಟ್ಲಿನೂ ನೀಲಗಿರಿಲಿ ಬಿಡಲ್ಲ, ದಂಡ ಹಾಕ್ತಾರೆ, ಮನೆಯ ಸ್ಟೀಲ್ ಬಾಟ್ಲಿ ತುಂಬಿಸ್ಕೊಂಡು ಹೋಗಿ.

ರಾತ್ರಿ ಬ್ಯಾನ್ ತೆಗೀಬೇಕು ಅಂತ ಕೇಳೋರೂ ಇದ್ದಾರೆ, ನಾನು ಆ ಕಡೆಯವನಲ್ಲ. ಬ್ಯಾನ್ ಬರೋಕೆ ಮುಂಚೆ ಬೆಳಿಗ್ಗೆ ಹೊತ್ತು ಆ ರೋಡಲ್ಲಿ ಲಾರಿ ಹೊಡೆದು ಬಿದ್ದಿರೋ ಜಿಂಕೆಗಳನ್ನ ನಾನೇ ನೋಡಿದ್ದೀನಿ, ಒಂದ್ಸಲ ಕಡವೆ ಮರಿ ಪಕ್ಕದಲ್ಲಿ ತಾಯಿ ನಿಂತಿತ್ತು, ಹಾರ್ನ್ ಮಾಡಿದ್ರೂ ಸರೀಲಿಲ್ಲ. ಆ ಒಂಬತ್ತು ಗಂಟೆ ಹೊತ್ತು ಕಾಡು ಪ್ರಾಣಿಗಳಿಗೇ ಇರ್ಲಿ. ಹಗಲು ಹೊತ್ತಲ್ಲೂ ನಮ್ಮ ಜನ ಇನ್ನೂ ಕಲೀಬೇಕು. 2025ರ ಆಗಸ್ಟಲ್ಲಿ ಒಬ್ಬರು ಗಾಡಿ ಇಳಿದು ಆನೆ ಫೋಟೊಗೆ ಹೋಗಿ, ಆನೆ ಅಟ್ಟಿಸ್ಕೊಂಡು ಬಂದು, ಜೀವ ಉಳಿದಿದ್ದೇ ಹೆಚ್ಚು, ಅರಣ್ಯ ಇಲಾಖೆಯವರು 25,000 ರೂಪಾಯಿ ದಂಡನೂ ಹಾಕಿದ್ರು. ಆನೆ ರೋಡಲ್ಲಿ ಕಂಡ್ರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಫ್ಲ್ಯಾಶ್ ಬೇಡ, ಮುಂದಿನ ಗಾಡಿ ಬಾಲಕ್ಕೆ ಅಂಟಿಸಿ ನಿಲ್ಲಿಸ್ಬೇಡಿ, ಅದು ರಿವರ್ಸ್ ಬಂದ್ರೆ ಇಬ್ಬರಿಗೂ ಜಾಗ ಬೇಕು. ಆನೆ ತಾನಾಗೇ ಹೋಗುತ್ತೆ, ಹತ್ತು ನಿಮಿಷ ಆಗ್ಬೋದು ಅಷ್ಟೇ. ಆ ಹತ್ತು ನಿಮಿಷನೂ ನಿಮ್ಮ ಟೈಮ್ ಲೆಕ್ಕದಲ್ಲಿ ಇರ್ಬೇಕು.

ಇನ್ನು ಘಾಟಿ. ಕಲ್ಹಟ್ಟಿಲಿ 36 ಹೇರ್‌ಪಿನ್ ತಿರುವು, ಅಲ್ಲಿ ಇಳಿಯೋಕೆ ಯಾಕೆ ಬಿಡಲ್ಲ ಅಂತ ಜನ ಬೇಜಾರು ಮಾಡ್ಕೋತಾರೆ. ಬಯಲು ಸೀಮೆಲಿ ಓಡಿಸಿ ರೂಢಿ ಇರೋರು ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಟ್ಕೊಂಡು ಬರ್ತಾರೆ, ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತೆ, ಆಮೇಲೆ ಎಷ್ಟು ತುಳಿದ್ರೂ ಹಿಡಿಯಲ್ಲ. ನನಗೆ ಕೆಲ್ಸ ಕಲಿಸಿದ ಡ್ರೈವರ್ ಒಬ್ಬರು ಹೇಳೋರು, ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ ಅಂತ. ಗೂಡಲೂರು ಕಡೆ ಇಳಿಯೋವಾಗಲೂ ಅದೇ ಮಾತು. ಗೇಟ್ ಟೈಮ್ ಆಯ್ತು ಅಂತ ಅವಸರದಲ್ಲಿ ಇಳಿಯೋದು ಇದೆಯಲ್ಲ, ನನಗೆ ಭಯ ಆಗೋದು ಅದನ್ನ ನೋಡಿದ್ರೆ. ಎಂಟು ಗಂಟೆ ಮೇಲೆ ಆ ಘಾಟಿಲಿ ನಮ್ಮ ಕೆಎ 09, ಕೆಎ 55, ಕೆಎ 11 ನಂಬರ್ ಗಾಡಿಗಳು ತಿರುವಲ್ಲಿ ಓವರ್‌ಟೇಕ್ ಮಾಡ್ಕೊಂಡು ಬರ್ತಾ ಇರ್ತವೆ, ಒಳಗೆ ಮಕ್ಕಳು ಮಲಗಿರ್ತಾವೆ. ಗೇಟ್ ತಪ್ಪಿದ್ರೆ ಒಂದು ರಾತ್ರಿ ಹೋಗುತ್ತೆ, ತಿರುವು ತಪ್ಪಿದ್ರೆ ಏನು ಹೇಳೋದು.

ಅದಕ್ಕೇ ಹೆದ್ದಾರಿಯವರಿಗೂ, ಅರಣ್ಯ ಇಲಾಖೆಗೂ, ಮೈಸೂರು ಚಾಮರಾಜನಗರ ಎರಡೂ ಜಿಲ್ಲಾಡಳಿತಕ್ಕೂ ನನ್ನ ಮನವಿ. ಮೈಸೂರಲ್ಲಿ ರಿಂಗ್ ರೋಡ್ ದಾಟಿ ನಂಜನಗೂಡು ರೋಡಿಗೆ ಬೀಳೋ ಕಡೆ ಒಂದು, ಕಡಕೊಳ ಟೋಲಲ್ಲಿ ಎಲ್ಲರೂ ನಿಲ್ಲಲೇಬೇಕಲ್ಲ ಅಲ್ಲಿ ಒಂದು, ಗುಂಡ್ಲುಪೇಟೆಲಿ ಊಟಿಗೂ ಕೇರಳಕ್ಕೂ ರೋಡು ಕವಲೊಡೆಯೋ ಕಡೆ ಒಂದು, ಮೂರೇ ಬೋರ್ಡು, ರಾತ್ರಿ ಹೊಳೆಯೋ ಅಕ್ಷರದಲ್ಲಿ, ಕನ್ನಡದಲ್ಲಿ ದೊಡ್ಡದಾಗಿ. ನೀಲಗಿರಿ ಜಿಲ್ಲೆಯವರನ್ನ ಕೇಳ್ಕೊಂಡು ಊಟಿ ಪಾರ್ಕಿಂಗ್ ಜಾಗಗಳಲ್ಲೂ ಕನ್ನಡದಲ್ಲಿ ಒಂದೊಂದು ಹಾಕಿಸಿದ್ರೆ ಇನ್ನೂ ಒಳ್ಳೇದು, ಅಲ್ಲಿಗೆ ಬರೋರಲ್ಲಿ ನಮ್ಮ ಕಡೆಯವರು ಎಷ್ಟಿದ್ದಾರೆ ಅಂತ ಅವರಿಗೂ ಗೊತ್ತು. ಎರಡು ರಾಜ್ಯದ ಮಧ್ಯ ಇದೊಂದು ಕಾಗದ ಓಡಾಡೋಕೆ ಎಷ್ಟು ದಿನ ಬೇಕು?

ನಿಮ್ಮ ಪತ್ರಿಕೆಲೂ ಒಂದು ಉಪಕಾರ ಮಾಡಿ ಸರ್. ಏಪ್ರಿಲ್, ಮೇ, ಮತ್ತೆ ದಸರಾ ರಜೆಲಿ ಶನಿವಾರದ ಮೈಸೂರು ಪುಟದಲ್ಲಿ ಮೂಲೆಲಿ ಒಂದು ಸಣ್ಣ ಬಾಕ್ಸ್ ಹಾಕಿ. ಪೇಪರ್‌ನಲ್ಲಿ ಬಂದಿದೆ ಅಂತ ಆ ಬಾಕ್ಸ್ ತೋರಿಸಿದ್ರೆ ನಮ್ಮಂಥ ಡ್ರೈವರ್ ಮಾತಿಗೂ ಬೆಲೆ ಬರುತ್ತೆ. ಬೋರ್ಡಲ್ಲೂ ಬಾಕ್ಸಲ್ಲೂ ಇಷ್ಟೇ ಇದ್ರೆ ಸಾಕು:

ಬಂಡೀಪುರ ಗೇಟ್ ರಾತ್ರಿ 9ಕ್ಕೆ ಮುಚ್ಚುತ್ತೆ, ಬೆಳಿಗ್ಗೆ 6ಕ್ಕೆ ತೆಗೆಯುತ್ತೆ. ಇವತ್ತೇ ವಾಪಸ್ ಬರೋರು ಸಂಜೆ 6ರೊಳಗೆ ಊಟಿ ಬಿಡಿ. ವಾಪಸ್ ದಾರಿ ಗೂಡಲೂರು ಮೇಲೆ ಮಾತ್ರ. ಇ-ಪಾಸ್ ಇಲ್ಲೇ ಮಾಡ್ಕೊಳ್ಳಿ. ರಾತ್ರಿ ಔಷಧಿ ಜೊತೆಲಿಟ್ಕೊಳ್ಳಿ.

ಇಂತಿ,
ಊಟಿ ರೋಡಿನ ಟ್ಯಾಕ್ಸಿ ಡ್ರೈವರ್,
ಮೈಸೂರು