ಹೆಬ್ಬೆಟ್ಟು ಒತ್ತಿದರೆ ಒಪ್ಪಿಗೆಯೇ?

ಮಾನ್ಯ ಸಂಪಾದಕರೇ,

ಯುರೋಪಿನ ರೋಮಾ ಜನರ ಬಗ್ಗೆ ನಮ್ಮಲ್ಲಿ ಬರೆಯುವವರು ಅವರ ಪೂರ್ವಜರು ವಾಯವ್ಯ ಭಾರತದವರೆಂದು ಹೇಳಿ, ನೀರಿಗೆ ಅವರೂ ‘ಪಾನಿ’ ಎನ್ನುತ್ತಾರೆಂದು ಬೆರಗಾಗಿ, ಅಲ್ಲಿಗೇ ಮಾತು ಮುಗಿಸುತ್ತಾರೆ. ಈ ನಂಟಸ್ತಿಕೆಗಿಂತ ಅಲ್ಲಿನ ಸರ್ಕಾರಗಳು ಅವರ ಮಕ್ಕಳನ್ನು ನಡೆಸಿಕೊಂಡ ಬಗೆಯೇ ಲಂಬಾಣಿ ತಾಂಡಾಗಳ ನಡುವೆ ಬಾಳುವ ನಮಗೆ ಹೆಚ್ಚು ತಿಳಿದಿರಬೇಕಾದದ್ದು.

ಚೆಕ್ ಗಣರಾಜ್ಯದ ಓಸ್ಟ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರಿಗಾಗಿ ಇದ್ದ ವಿಶೇಷ ಶಾಲೆಗಳಿಗೆ ಹಾಕಲಾಗುತ್ತಿತ್ತು. ಇತರ ಮಕ್ಕಳಿಗೆ ಹೋಲಿಸಿದರೆ ಅವರು ಅಲ್ಲಿಗೆ ಹೋಗುವ ಸಂಭವ 27 ಪಟ್ಟು ಹೆಚ್ಚೆಂಬ ಲೆಕ್ಕವನ್ನು 18 ಮಕ್ಕಳ ಪರವಾಗಿ ನ್ಯಾಯಾಲಯದ ಮುಂದಿಡಲಾಯಿತು. ತಂದೆತಾಯಿಯರೇ ಸಹಿ ಮಾಡಿದ್ದಾರಲ್ಲ ಎಂದು ಸರ್ಕಾರ ವಾದಿಸಿತು. ಸಹಿಯ ಪರಿಣಾಮವನ್ನು ತೂಗಿ ನೋಡುವ ಸ್ಥಿತಿಯಲ್ಲಿ ಆ ಪೋಷಕರು ಇದ್ದರೆಂದು ನಂಬಲಾಗದು, ತಾರತಮ್ಯಕ್ಕೆ ಒಳಗಾಗದಿರುವ ಹಕ್ಕನ್ನು ಯಾರೂ ಬಿಟ್ಟುಕೊಡಲೂ ಬರುವುದಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2007ರ ನವೆಂಬರ್ 13ರಂದು 13–4ರ ಬಹುಮತದಿಂದ ತೀರ್ಪಿತ್ತಿತು.

ಯುರೋಪಿಯನ್ ಒಕ್ಕೂಟವು 2020ರಲ್ಲಿ ಪ್ರಕಟಿಸಿದ ಹತ್ತು ವರ್ಷದ ರೋಮಾ ನೀತಿಯೂ ಪ್ರತ್ಯೇಕ ಪ್ರಾಥಮಿಕ ಶಾಲೆಗಳಲ್ಲಿ ಓದುವ ರೋಮಾ ಮಕ್ಕಳ ಪ್ರಮಾಣವನ್ನು 2030ರೊಳಗೆ ಅರ್ಧಕ್ಕಾದರೂ ಇಳಿಸುವ ಗುರಿ ಇಟ್ಟಿದೆ. ಇದರ ಬೆನ್ನಿಗೆ 2021ರಲ್ಲಿ ಬಂದದ್ದು ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾತ್ರ. ರೋಮಾ ಮಕ್ಕಳನ್ನು ಶಾಲೆಗಳಲ್ಲಿ ಪ್ರತ್ಯೇಕಿಸುವುದನ್ನು ತಡೆಯದ ಸ್ಲೊವಾಕಿಯಾವನ್ನು 2023ರಲ್ಲಿ ಒಕ್ಕೂಟದ ನ್ಯಾಯಾಲಯಕ್ಕೆ ಎಳೆಯಲು ಒಕ್ಕೂಟದ ಆಡಳಿತಾಂಗವಾದ ಯುರೋಪಿಯನ್ ಆಯೋಗಕ್ಕೆ ಆಧಾರವಾದದ್ದು ಈ ಶಿಫಾರಸಲ್ಲ, ಜನಾಂಗೀಯ ತಾರತಮ್ಯ ನಿಷೇಧಿಸುವ ಒಕ್ಕೂಟದ 2000ದ ಕಾನೂನು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಸಂವಿಧಾನದ 21ಎ ವಿಧಿಯೂ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಇವೆ. ಆದರೂ ಸುಗ್ಗಿ ಮುಗಿಯುತ್ತಲೇ ತಾಂಡಾದ ಕುಟುಂಬಗಳು ಪುಣೆ, ಮುಂಬೈಗೆ ಗುಳೆ ಹೊರಟಾಗ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ಮುಖ್ಯ ಗುರುವಾಗಿದ್ದಾಗ ನಾನೂ, ಮಗುವನ್ನು ಸ್ವಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆಂಬ ಚೀಟಿಗೆ ತಾಯಂದಿರ ಹೆಬ್ಬೆಟ್ಟು ಒತ್ತಿಸಿಕೊಂಡು ಕಡತದಲ್ಲಿಟ್ಟವನು. ಓಸ್ಟ್ರಾವಾದ ತೀರ್ಪನ್ನು ಓದಿದ ಮೇಲೆ ಆ ಚೀಟಿಗಳು ನೆನಪಾಗಿ ನಾಚಿಕೆಯಾಯಿತು.

2023ರ ಜನವರಿಯಲ್ಲಿ ಮಳಖೇಡದಲ್ಲಿ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಹಂಚಿದ್ದು ಸ್ವಾಗತಾರ್ಹವೇ ಸರಿ. ಆದರೆ ಗುಳೆ ಹೋದವರ ಮನೆಗೆ ತಿಂಗಳುಗಟ್ಟಲೆ ಬೀಗ ಬಿದ್ದಿರುತ್ತದೆ. ಆ ಅವಧಿಯಲ್ಲಿ ಮಕ್ಕಳನ್ನು ಊರಲ್ಲೇ ಇರಿಸಿ ಓದಿಸುವ ಹಂಗಾಮಿ ವಸತಿ ನಿಲಯಗಳು ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಯಾವ ತಾಂಡಾಗಳಿಗೆ ಲಭ್ಯವಿವೆ ಎಂಬುದನ್ನು ಶಿಕ್ಷಣ ಇಲಾಖೆಯು ಈ ಸಲದ ಗುಳೆ ಆರಂಭವಾಗುವ ಮೊದಲೇ, ತಾಂಡಾವಾರು ಪಟ್ಟಿ ಮಾಡಿ ಪ್ರಕಟಿಸಲಿ.

– ನಿವೃತ್ತ ಮುಖ್ಯ ಗುರು, ಶಹಾಪುರ, ಯಾದಗಿರಿ ಜಿಲ್ಲೆ