ಪಶ್ಚಿಮವಾಹಿನಿಯಲ್ಲಿ ಕುರ್ಚಿ ಬಿಟ್ಟುಕೊಟ್ಟ ಅಣ್ಣನಿಗೆ

ಅಪ್ಪ ಹೋದ ಮೂರನೇ ದಿನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಬಂದಿದ್ದೆವು. ಕಾವೇರಿ ಇಲ್ಲಿ ಪಡುವಣಕ್ಕೆ ತಿರುಗುತ್ತಾಳೆ, ಅದಕ್ಕೇ ಆ ಹೆಸರು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ಬಿಟ್ಟಿದ್ದೂ ಇಲ್ಲೇ ಅಂತ ಅಪ್ಪ ಬಂದಾಗಲೆಲ್ಲ ಹೇಳುತ್ತಿದ್ದರು.

ಮೆಟ್ಟಿಲ ತುಂಬ ಪಾಚಿ. ಅಮ್ಮನಿಗೆ ಮಂಡಿನೋವು, ಇಳಿಯುವ ಹಾಗಿಲ್ಲ. ಆದರೂ ನೀರು ಮುಟ್ಟಲೇಬೇಕು ಅಂತ ಹಟ. ನನ್ನ ಕೈಲಿ ಕುಡಿಕೆ, ಪಕ್ಕದಲ್ಲಿ ತಾತನ ಕೊಡೆ ತಬ್ಬಿಕೊಂಡು ಅಳುತ್ತಿದ್ದ ಮಗ. ನನಗೆ ಏನೂ ತೋಚಲಿಲ್ಲ.

ಹೂವು, ಕರ್ಪೂರ ಮಾರುತ್ತಿದ್ದ ನೀವು ಎದ್ದು ಬಂದಿರಿ. ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೇ ಅಮ್ಮನಿಗೆ ಹಾಕಿದಿರಿ. ಬಿಂದಿಗೆಯಲ್ಲಿ ನೀರು ತಂದು, "ಇದೂ ಕಾವೇರಿನೇ ಅಲ್ವಾ ಅಮ್ಮ, ಕೈ ಅದ್ದಿ" ಅಂದಿರಿ. ಆಮೇಲೆ ನನ್ನ ಮೊಣಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಿರಿ.

ವಾಪಸ್ ಹತ್ತುವಾಗ ಮಗನನ್ನು ಕೇಳಿದಿರಿ: "ತಾತ ನಿಂಗೆ ಏನು ತಂದುಕೊಡ್ತಿದ್ರು ಮರಿ?" ಅವನು ಅಳು ನಿಲ್ಲಿಸಿ ಹೇಳಿದ್ದೇ ಹೇಳಿದ್ದು. ಜೇಬಿನಲ್ಲಿರುತ್ತಿದ್ದ ಕಡಲೆಮಿಠಾಯಿ, ಸ್ಕೂಲ್ ಬಿಡುವ ಅರ್ಧ ಗಂಟೆ ಮುಂಚೆಯೇ ಗೇಟಿನ ಹತ್ತಿರ ಕೊಡೆ ಹಿಡಿದು ನಿಲ್ಲುತ್ತಿದ್ದುದು, ಬಸ್ ಕಂಡಕ್ಟರ್ ಆಗಿದ್ದಾಗಿನ ವಿಸಿಲ್ ಊದಲು ಕೊಡುತ್ತಿದ್ದುದು. ಮೂರು ದಿನದಲ್ಲಿ ನಾವ್ಯಾರೂ ಅವನನ್ನು ಸರಿಯಾಗಿ ಮಾತಾಡಿಸಿರಲಿಲ್ಲ.

ದುಡ್ಡು ಕೊಟ್ಟರೆ ಹೂವಿನದಷ್ಟೇ ತಗೊಂಡಿರಿ. ಕಾರು ಹೊರಟ ಮೇಲೆ ಕನ್ನಡಿಯಲ್ಲಿ ನೋಡಿದರೆ, ಕೊಡೆ ಮೇಲೆತ್ತಿಕೊಂಡು ಓಡಿಬರುತ್ತಿದ್ದಿರಿ. ಕುರ್ಚಿ ಪಕ್ಕ ಮರೆತಿದ್ದೆವು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ನೆನಪಿಲ್ಲ. ಈಗ ಹೇಳುತ್ತಿದ್ದೇನೆ ಅಣ್ಣ. ಮಗ ದಿನಾ ಅದೇ ಕೊಡೆ ಒಯ್ಯುತ್ತಾನೆ, ಮಳೆ ಇಲ್ಲದಿದ್ದರೂ.